ಹೆರಿಗೆಯ ‘ಸಂಕೀರ್ಣತೆ’ಗೆ ಬೇರೆ ಪದ ಇದೆಯಾ?

ಎಲ್ಲರಿಗೂ ನಮಸ್ಕಾರ.

ಬಸುರಿಯರ ಮನೆಯವರಿಗಾಗಿ ಒಂದು ಸಣ್ಣ ಕೈಪಿಡಿ ಕನ್ನಡಕ್ಕೆ ತರುತ್ತಿದ್ದೇನೆ. ಯಾವಾಗ ಆಸ್ಪತ್ರೆಗೆ ಓಡಬೇಕು, ಯಾವ ಆಸ್ಪತ್ರೆಗೆ ಓಡಬೇಕು, ಅಷ್ಟೇ ಅದರ ವಿಷಯ. ಮೊದಲ ಪುಟದಲ್ಲೇ ‘ಕಾಂಪ್ಲಿಕೇಶನ್’ ಎದುರಾಯಿತು. ನಿಘಂಟು ನೋಡಿ ‘ಪ್ರಸವದ ಸಂಕೀರ್ಣತೆಗಳು’ ಅಂತ ಬರೆದೆ. ಕರಡು ಓದಿದ ನರ್ಸ್ ಒಬ್ಬರು ಆ ಪದದ ಕೆಳಗೆ ಪೆನ್ಸಿಲ್ ಗೆರೆ ಎಳೆದು, ‘ಇದನ್ನ ಓದಿ ಯಾರಾದ್ರೂ ಆಂಬುಲೆನ್ಸ್ ಕರೀತಾರಾ?’ ಎಂದು ಪಕ್ಕದಲ್ಲಿ ಬರೆದಿದ್ದರು.

ಅವರ ಮಾತು ಸರಿ. ಸಂಕೀರ್ಣ ಅಂದರೆ ಹಲವು ಎಳೆ ಸೇರಿಕೊಂಡಿದ್ದು. ಅಪಾಯದ ಸುಳಿವೇ ಅದರಲ್ಲಿಲ್ಲ. ‘ತೊಂದರೆ’ ತೀರಾ ಸಡಿಲ. ಎದೆಯುರಿಯೂ ತೊಂದರೆಯೇ, ಫಿಟ್ಸ್ ಬಂದರೂ ತೊಂದರೆಯೇ. ‘ತೊಡಕು’ ನನಗೆ ಹಿಡಿಸಿತು. ಮಗು ಅಡ್ಡ ತಿರುಗಿ ಹೆರಿಗೆ ನಿಂತರೆ ತೊಡಕು. ಮಾಸು ಬೀಳದೆ ಒಳಗೇ ಉಳಿದರೂ ತೊಡಕು. ಆದರೆ ಹೆರಿಗೆ ಸಲೀಸಾಗಿ ಆಗಿ, ಆಮೇಲೆ ರಕ್ತ ನಿಲ್ಲದಿದ್ದರೆ? ಅಲ್ಲಿ ತೊಡಕಿದ್ದು ಏನು? 24 ಗಂಟೆಯೊಳಗೆ 500 ಮಿ.ಲೀ. ರಕ್ತ ಹೋದರೆ ಅದು ಜಾಸ್ತಿ ಅನ್ನೋದು ವೈದ್ಯರ ಹಳೆಯ ಲೆಕ್ಕ. ಮನೆಯವರಿಗೆ ಕಾಣೋದು ಮಿಲಿಲೀಟರ್ ಅಲ್ಲ, ತೊಯ್ದ ಬಟ್ಟೆ. ಹಾಗಾಗಿ ‘ಪ್ರಸವೋತ್ತರ ರಕ್ತಸ್ರಾವ’ ಹೊಡೆದುಹಾಕಿ ‘ಹೆರಿಗೆ ಆದಮೇಲೆ ರಕ್ತ ನಿಲ್ಲದೆ ಹೋಗುವುದು’ ಎಂದೆ. ಉದ್ದವಾಯಿತು, ಇರಲಿ.

ಇನ್ನೊಂದು ‘ಸಮಗ್ರ ತುರ್ತು ಪ್ರಸೂತಿ ಆರೈಕೆ’. ಈ ‘ಸಮಗ್ರ’ ಸುಮ್ನೆ ಸೇರಿಸಿದ್ದಲ್ಲ. ಇಂಜೆಕ್ಷನ್ ಕೊಡುವುದು, ಕೈಯಿಂದ ಮಾಸು ತೆಗೆಯುವುದು ಇವೆಲ್ಲ ಮೂಲ ಮಟ್ಟದ ಕೇಂದ್ರದಲ್ಲೂ ಇರಬೇಕು. ಅವುಗಳ ಜೊತೆ ಸಿಜೇರಿಯನ್ನೂ ರಕ್ತ ಕೊಡುವ ವ್ಯವಸ್ಥೆಯೂ ಇದ್ದರೆ ಮಾತ್ರ ‘ಸಮಗ್ರ’. ಓದುವವರಿಗೆ ಇದು ಹೇಗೆ ಹೊಳೆಯಬೇಕು? ಸಿಜೇರಿಯನ್ ಬೇಕಾದವಳನ್ನು ಅದಿಲ್ಲದ ಕಡೆ ಕರೆದೊಯ್ದರೆ ಮತ್ತೆ ಗಾಡಿ, ಮತ್ತೆ ದಾರಿ. ‘ಸಿಜೇರಿಯನ್, ರಕ್ತ ಎರಡೂ ಸಿಗುವ ಆಸ್ಪತ್ರೆ’ ಅಂದರೆ ಸಾಕಲ್ವಾ?

ಕೊನೆಯದು ಚಿಕ್ಕದು. ಹೆರಿಗೆಯಲ್ಲಿ ತಾಯಂದಿರು ಯಾಕೆ ಸಾಯುತ್ತಾರೆ ಎಂದು ಅಧ್ಯಯನ ಮಾಡಿದ ಸೆರೀನ್ ಥಾಡಿಯಸ್ ಮತ್ತು ಡೆಬೊರಾ ಮೇನ್ 1994ರಲ್ಲಿ ಹೇಳಿದ ಮೂರು ವಿಳಂಬಗಳಿವೆ: ಹೊರಡೋಣ ಎಂದು ತೀರ್ಮಾನಿಸಲು, ಆಸ್ಪತ್ರೆ ಮುಟ್ಟಲು, ಮುಟ್ಟಿದ ಮೇಲೆ ಚಿಕಿತ್ಸೆ ಸಿಗಲು. ‘ವಿಳಂಬ’ ಬಿಟ್ಟು ‘ತಡ’ ಅನ್ನೋಣವೆಂದರೆ ‘ಮೂರು ತಡಗಳು’ ನಾಲಿಗೆಗೆ ಒಗ್ಗುತ್ತಿಲ್ಲ. ‘ಮೂರು ಕಡೆ ತಡ’ ಅಂದರೆ ನಡೆಯುತ್ತದಾ? ‘ತೊಡಕು’ಗಿಂತ ಬಿಗಿಯಾದ ಪದ ಇದ್ದರೂ ತಿಳಿಸಿ.