ಬ್ಲೆಂಡರ್ ಕ್ರ್ಯಾಶ್ ಆಗ್ತಿದೆಯಾ? ಮೇಡಂ ಉತ್ತರಿಸುತ್ತಾರೆ

ಅಡ್ಮಿನ್: ಬ್ಲೆಂಡರ್ ಅಂದರೆ ಅನಿಮೇಷನ್ ಮಾಡೋ 3ಡಿ ಸಾಫ್ಟ್‌ವೇರ್. ಬೆಂಗಳೂರಿನ ಸ್ಟುಡಿಯೋ ಒಂದರಲ್ಲಿ ರೆಂಡರ್ (ದೃಶ್ಯವನ್ನು ಅಂತಿಮ ಚಿತ್ರಗಳಾಗಿ ತೆಗೆಯೋ) ಕೆಲಸ ನೋಡಿಕೊಳ್ಳುವ ಮೇಡಂ ಇವತ್ತು ನಮ್ಮ ಜೊತೆ ಇದ್ದಾರೆ. ವರ್ಶನ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಯಾವುದು ಅಂತ ಹೇಳಿ ಕೇಳಿ.

ರಾಜಾಜಿನಗರ: ನಮಸ್ಕಾರ ಮೇಡಂ. ಯಕ್ಷಗಾನದ ದೃಶ್ಯ, 240 ಫ್ರೇಮ್, ಬ್ಲೆಂಡರ್‌ನ ಸೈಕಲ್ಸ್ ರೆಂಡರ್ ಎಂಜಿನ್. ಪ್ರತಿ ಸಲ 137ನೇ ಫ್ರೇಮ್‌ನಲ್ಲೇ ಬ್ಲೆಂಡರ್ ಮುಚ್ಚಿಹೋಗುತ್ತೆ. ರಾಜವೇಷ ರಂಗಕ್ಕೆ ಬರೋದು ಅಲ್ಲೇ. ವ್ಯೂಪೋರ್ಟ್‌ನಲ್ಲಿ, ಅಂದರೆ ಕೆಲಸ ಮಾಡೋ ಪರದೆಯಲ್ಲಿ, ಚೆನ್ನಾಗಿ ಓಡುತ್ತೆ. ರ‍್ಯಾಮ್ 8 ಜಿಬಿ.

ಯಲಹಂಕ: ನನ್ನ ಫೈಲ್ ತೆರೆದ ತಕ್ಷಣ ಕ್ರ್ಯಾಶ್ ಮೇಡಂ.

ಮೇಡಂ: ಯಲಹಂಕ, ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ. ಮೊದಲು ಬ್ಲೆಂಡರ್ ತೆರೆಯಿರಿ. ಓಪನ್ ಕಿಟಕಿಯಲ್ಲಿ ಲೋಡ್ ಯುಐ ಟಿಕ್ ತೆಗೆದು ಫೈಲ್ ಆರಿಸಿ. ಆಗಲೂ ಬಿದ್ದರೆ ಹೊಸ ಫೈಲ್‌ಗೆ ಹಳೇ ಫೈಲಿಂದ ಒಂದೊಂದೇ ಕಲೆಕ್ಷನ್ (ವಸ್ತುಗಳ ಗುಂಪು) ಅಪೆಂಡ್ ಮಾಡಿ, ಅಂದರೆ ತಂದು ಸೇರಿಸಿ, ನೋಡಿ.

ರಾಜಾಜಿನಗರ, ನಿಮ್ಮದನ್ನು ಸ್ವಲ್ಪ ವಿವರವಾಗಿ ನೋಡೋಣ. ಬೇರೆ ಬೇರೆ ಫ್ರೇಮ್‌ನಲ್ಲಿ ಬಿದ್ದಿದ್ದರೆ ಬಿಸಿ, ಡ್ರೈವರ್ ಅಂತ ಹುಡುಕಬಹುದಿತ್ತು. ಒಂದೇ ಫ್ರೇಮ್ ಅಂದರೆ ಮೊದಲ ಅನುಮಾನ ಫೈಲ್ ಮೇಲೆ. ವೇಷ ಕ್ಯಾಮೆರಾ ಎದುರಿಗೆ ಬಂದಿದ್ದಷ್ಟೇ ಕಾರಣ ಆಗಿರಲಿಕ್ಕಿಲ್ಲ. ಕ್ಯಾಮೆರಾ ಆಚೆ ಇರೋದನ್ನೂ ಸೈಕಲ್ಸ್ ಮೆಮೊರಿಗೆ ತುಂಬಿಕೊಳ್ಳುತ್ತೆ. ಹಾಗಾಗಿ ನೀವು ವೇಷದ ರೆಂಡರ್ ಐಕಾನ್‌ಗೆ ಕೀಫ್ರೇಮ್ (ಯಾವ ಫ್ರೇಮಲ್ಲಿ ಬದಲಾಗಬೇಕು ಅನ್ನೋ ಗುರುತು) ಹಾಕಿ, ಅಲ್ಲಿತನಕ ವೇಷವನ್ನು ರೆಂಡರಿಂದ ಮರೆಮಾಡಿ 137ರಲ್ಲಿ ಆನ್ ಮಾಡಿರಬೇಕು. ಹೌದಾ?

ಹೌದಾದರೆ ಕಿರೀಟದ ಮಣಿಗಳನ್ನು ನೋಡಿ. ಮೇಲ್ಮೈಯನ್ನು ಸಣ್ಣದಾಗಿ ಒಡೆದು ನಯ ಮಾಡೋ ಸಬ್‌ಡಿವಿಜನ್ ಮಾಡಿಫೈಯರ್‌ಗೆ ಎರಡು ಅಂಕಿ ಇರುತ್ತವೆ, ವ್ಯೂಪೋರ್ಟ್‌ಗೆ ಒಂದು, ರೆಂಡರ್‌ಗೆ ಇನ್ನೊಂದು. ಒಂದು ಹಂತ ಏರಿದರೆ ಮುಖಗಳು, ಅಂದರೆ ಮೇಲ್ಮೈಯ ತುಂಡುಗಳು, ನಾಲ್ಕು ಪಟ್ಟು. ಮಾಮೂಲಿ ಯುವಿ ಗೋಳದಲ್ಲಿ 512 ಮುಖ. ರೆಂಡರ್ ಹಂತ 3 ಇದ್ದರೆ ಒಂದು ಮಣಿಗೇ ಸುಮಾರು 32 ಸಾವಿರ. ಅಂಥ 300 ಮಣಿ ಅಂದರೆ ಹತ್ತಿರ ಒಂದು ಕೋಟಿ. ವ್ಯೂಪೋರ್ಟ್ ಹಂತ ಸೊನ್ನೆ ಇದ್ದರೆ ಪರದೆ ಮೇಲೆ ಇದರ ಸುಳಿವೇ ಸಿಗೋದಿಲ್ಲ.

ಮಣಿಯಿಂದ ಮಾಡಿಫೈಯರ್ ತೆಗೆಯಿರಿ, ನಯವಾಗಿ ಕಾಣಲು ಶೇಡ್ ಸ್ಮೂತ್ ಸಾಕು. ಒಂದೇ ಮಣಿ ಇಟ್ಟುಕೊಂಡು ಉಳಿದದ್ದನ್ನು ಆಲ್ಟ್ ಡಿ ಒತ್ತಿ ನಕಲು ಮಾಡಿ. ಆಗ ಎಲ್ಲಾ ಮಣಿಗೂ ಮೆಶ್ (ಆಕಾರದ ಮಾಹಿತಿ) ಒಂದೇ. ಇನ್ನು ನೇರ ಎಂಪಿ4ಗೆ ರೆಂಡರ್ ಮಾಡಬೇಡಿ, ನಡುವೆ ಬಿದ್ದರೆ ಆ ವಿಡಿಯೋ ತೆರೆಯದೇ ಹೋಗಬಹುದು. ಪಿಎನ್‌ಜಿ ಫ್ರೇಮ್‌ಗಳಾಗಿ ತೆಗೆಯಿರಿ. ಆಗ ಬಿದ್ದರೂ ಮುಗಿದ 136 ಫ್ರೇಮ್ ಹಾಗೇ ಇರುತ್ತೆ, 137ರಿಂದ ಮುಂದುವರಿಸಬಹುದು.

ಮಲ್ಲೇಶ್ವರಂ: ಫಾರ್ವರ್ಡ್ ಬಂದಿದೆ: ‘ವಿಂಡೋಸ್ ಟೆಂಪ್ ಫೋಲ್ಡರ್ ಪೂರ್ತಿ ಅಳಿಸಿ, ಬ್ಲೆಂಡರ್ ಮತ್ತೆ ಕ್ರ್ಯಾಶ್ ಆಗೋದೇ ಇಲ್ಲ.’

ಮೇಡಂ: ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಎರಡು ನಿಮಿಷಕ್ಕೊಮ್ಮೆ ಆಗುವ ಆಟೋಸೇವ್ ಇರೋದೇ ಆ ಫೋಲ್ಡರ್‌ನಲ್ಲಿ. ಕ್ರ್ಯಾಶ್ ಬಗ್ಗೆ ಸುಳಿವು ಬರೆದಿರುವ ಕ್ರ್ಯಾಶ್ ಟೆಕ್ಸ್ಟ್ ಫೈಲೂ ಅಲ್ಲೇ ಇರುತ್ತೆ. ಅಳಿಸಿದರೆ ಕೆಲಸವೂ ಹೋಯಿತು, ಸುಳಿವೂ ಹೋಯಿತು.

ಬನಶಂಕರಿ: ಸುಮ್ನೆ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗೆ ಹೋಗಿ ಇನ್ನೊಂದು 8 ಜಿಬಿ ಹಾಕಿಸಿ. ಇಷ್ಟೆಲ್ಲಾ ಯಾಕೆ?

ಕೆಂಗೇರಿ: ಹಳೇ ರ‍್ಯಾಮ್ ತಂದು ಹಾಕಿದ ಮೇಲೇ ನನ್ನ ಸಿಸ್ಟಂ ಹಾಳಾಗಿದ್ದು.

ಬನಶಂಕರಿ: ಪರೀಕ್ಷೆ ಮಾಡಿಸಿ ತರಬೇಕು ಗುರು. ಅಂಗಡಿಯವರನ್ನು ಯಾಕೆ ದೂರ್ತೀರಾ?

ಕೆಂಗೇರಿ: ನಿಮ್ಮ ಅಂಗಡಿನಾ ಅದು?

ಜಯನಗರ: ಲಿನಕ್ಸ್ ಹಾಕಿ, ಎರಡೂ ಬೇಡ.

ಬನಶಂಕರಿ: ಬಂದ್ರಪ್ಪಾ ಲಿನಕ್ಸ್‌ನವರು.

ಮೇಡಂ: ರ‍್ಯಾಮ್ ಜಾಸ್ತಿ ಇದ್ದರೆ ಒಳ್ಳೆಯದೇ. ಆದರೆ ಓದೋ ಹುಡುಗರಿಗೆ ದುಡ್ಡು ಖರ್ಚು ಮಾಡಿಸೋ ಮುಂಚೆ ಫೈಲ್ ನೋಡಿ. ಜಗಳ ಬೇರೆ ಕಡೆ ಆಡಿ.

ವಿಜಯನಗರ: ಹಳೇ ಲ್ಯಾಪ್‌ಟಾಪಲ್ಲಿ ಬ್ಲೆಂಡರ್ 4.0 ತೆರೆಯೋದೇ ಇಲ್ಲ.

ಮೇಡಂ: 4.0ಗೆ ಓಪನ್‌ಜಿಎಲ್ (ಗ್ರಾಫಿಕ್ಸ್ ಕಾರ್ಡ್ ಜೊತೆ ಮಾತಾಡೋ ವ್ಯವಸ್ಥೆ) 4.3 ಬೇಕು. ಕಾರ್ಡ್‌ನಲ್ಲಿ ಇಲ್ಲದಿದ್ದರೆ 3.6 ಬಳಸಿ.

ಹೆಬ್ಬಾಳ: 2ಡಿ ಅನಿಮೇಷನ್ ಸಾಫ್ಟ್‌ವೇರ್ ಓಪನ್‌ಟೂನ್ಜ್‌ನಲ್ಲಿ ಪೆನ್ ಟ್ಯಾಬ್ಲೆಟ್ ಮುಟ್ಟಿದರೆ ಹ್ಯಾಂಗ್ ಆಗುತ್ತೆ. ಯಾಕೆ?

ಯಶವಂತಪುರ: ರಾತ್ರಿ ಎಲ್ಲಾ ರೆಂಡರ್ ಇಟ್ಟೆ, ಎಂಪಿ4 ತೆರೀತಿಲ್ಲ ಮೇಡಂ.

ಮೇಡಂ: ಮೇಲೆ ಬರೆದಿದ್ದೇನೆ. ಪಿಎನ್‌ಜಿ.

ಮಲ್ಲೇಶ್ವರಂ: ಇನ್ನೊಂದು ಫಾರ್ವರ್ಡ್ ಇದೆ, ಡ್ರೈವರ್ ತಾನಾಗಿ ಸರಿಮಾಡೋ ಸಾಫ್ಟ್‌ವೇರ್, ಲಿಂಕ್ ಹಾಕಲಾ?

ಮೇಡಂ: ಬೇಡ. ಡ್ರೈವರ್ ಬೇಕಾದರೆ ಕಾರ್ಡ್ ಕಂಪನಿಯ ಸೈಟಿಂದಲೇ ಇಳಿಸಿಕೊಳ್ಳಿ. ಲಿಂಕ್ ಹಾಕಿದರೆ ಅಡ್ಮಿನ್ ತೆಗೆದುಹಾಕಲಿ.

ರಾಜಾಜಿನಗರ: ಮೇಡಂ, ಕೀಫ್ರೇಮ್ ಇತ್ತು. ಮಣಿಗಳ ರೆಂಡರ್ ಹಂತ 4! ತೆಗೆದೆ. 137 ದಾಟಿತು. ಈಗ 151ರಲ್ಲಿದೆ.

ಮೇಡಂ: 4ಆ! ಎದೆಪದಕ, ಭುಜಕೀರ್ತಿಯ ಮಣಿಗಳನ್ನೂ ನೋಡಿ, ಅಲ್ಲೂ ಅದೇ ಇರುತ್ತೆ.

ಯಶವಂತಪುರ: ಆ ಹಳೇ ಎಂಪಿ4 ರಿಪೇರಿ ಆಗಲ್ವಾ ಮೇಡಂ?