‘ಗೋವಿಂದ ಪೈ’ ಹುಡುಕಿದರೆ ಅರ್ಧ ಪುಸ್ತಕ ಮಾತ್ರ ಸಿಗ್ತದೆ. ಕಳಿಸಿದ ಪ್ಯಾಚ್‌ಗೆ ತಿದ್ದುಪಡಿ ಕೇಳಿದ್ದಾರೆ, ಹೇಗೆ ಮುಂದುವರಿಯುವುದು?

ಪ್ರಶ್ನೆ – ಬದಿಯಡ್ಕದಿಂದ

ನಮ್ಮೂರಿನ ವಾಚನಾಲಯದ ಪುಸ್ತಕಪಟ್ಟಿಗೆ ನಾವು ಬಳಸುವುದು ಪೈಥಾನ್‌ನಲ್ಲಿ ಬರೆದ ಒಂದು ಸಣ್ಣ ಮುಕ್ತ ತಂತ್ರಾಂಶ. ಕನ್ನಡ, ಮಲಯಾಳ ಎರಡೂ ಪುಸ್ತಕಗಳು ಒಂದೇ ಪಟ್ಟಿಯಲ್ಲಿ ಉಂಟು. ತೊಂದರೆ ಎಂತ ಅಂದ್ರೆ, ಹುಡುಕುವಲ್ಲಿ ‘ಗೋವಿಂದ ಪೈ’ ಅಂತ ಹಾಕಿದರೆ ಕೆಲವು ಪುಸ್ತಕ ಬರ್ತದೆ, ಕೆಲವು ಬರುವುದಿಲ್ಲ. ಬಾರದವು ಪಟ್ಟಿಯಲ್ಲಿ ಕಣ್ಣೆದುರೇ ಉಂಟು, ಹೆಸರಿನಲ್ಲಿ ಒಂದಕ್ಷರ ತಪ್ಪಿಲ್ಲ. ‘ಮಂಜೇಶ್ವರ’, ‘ನೀಲೇಶ್ವರ’, ‘ಪೈವಳಿಕೆ’, ‘ಕಾಸರಗೋಡು’ ಹಾಕಿದರೂ ಹೀಗೆಯೇ. ಆದರೆ ‘ಕುಂಬಳೆ’, ‘ಮಧೂರು’ ಹಾಕಿದರೆ ಎಲ್ಲವೂ ಸರಿಯಾಗಿ ಸಿಗ್ತವೆ.

ಸಿಗದ ದಾಖಲೆಗಳೆಲ್ಲ ಒಂದು ಹಳೆಯ ಮ್ಯಾಕ್ ಕಂಪ್ಯೂಟರಿನಿಂದ ಬಂದವು. ಅಲ್ಲಿ ಮುಖಪುಟಗಳನ್ನು ಸ್ಕ್ಯಾನ್ ಮಾಡಿ ಫೈಲಿಗೆ ಲೇಖಕರ ಹೆಸರು ಇಟ್ಟಿದ್ದರು, ಆ ಫೈಲ್ ಹೆಸರುಗಳಿಂದಲೇ ಪಟ್ಟಿ ಮಾಡಿದ್ದು. ಯೂನಿಕೋಡ್ ನಾರ್ಮಲೈಸೇಶನ್ (ಒಂದೇ ಅಕ್ಷರದ ಬೇರೆ ಬೇರೆ ಸಂಕೇತ ರೂಪಗಳನ್ನು ಒಂದೇ ರೂಪಕ್ಕೆ ತರುವುದು) ಬೇಕು ಅಂತ ಗೊತ್ತಾಗಿ ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಬರೆದು ಕಳಿಸಿದೆ. ಅದರಲ್ಲಿ ಇರುವುದು: ಹುಡುಕುವ ಪದವನ್ನು ನಾರ್ಮಲೈಸ್ ಮಾಡುವುದು, ಅಕ್ಷರಗಳು ಕೂಡುವುದನ್ನು ನಿಯಂತ್ರಿಸುವ, ಕಣ್ಣಿಗೆ ಕಾಣದ ಜಾಯಿನರ್‌ಗಳನ್ನು ತೆಗೆದುಹಾಕುವುದು, ‘ಕಿಞ್ಞಣ್ಣ’ ಮತ್ತು ‘ಕಿಂಞಣ್ಣ’ ಎರಡನ್ನೂ ಒಂದೇ ಅಂತ ಹಿಡಿಯುವುದು, ಮತ್ತೆ ಕನ್ನಡ ಸಹಾಯ ಪುಟದ ಕೆಲವು ತಿದ್ದುಪಡಿ.

ಆ ತಂತ್ರಾಂಶದ ಕೋಡ್ ಪರಿಶೀಲಕರು ಉದ್ದಕ್ಕೆ ಬರೆದಿದ್ದಾರೆ. ಪ್ಯಾಚ್ ಒಡೆಯಿರಿ. ಒಂದು ಫೈಲಿನ ಎಲ್ಲ ಸಾಲೂ ಬದಲಾದಂತೆ ಕಾಣ್ತದೆ, ಯಾಕೆ? ಹುಡುಕುವ ಪದಕ್ಕೆ ಮಾತ್ರ ಯಾಕೆ, ಸೂಚಿಗೆ (ಹುಡುಕಲು ಮೊದಲೇ ಕಟ್ಟಿಟ್ಟ ಪದಪಟ್ಟಿಗೆ) ಯಾಕಿಲ್ಲ? ಜಾಯಿನರ್ ತೆಗೆದರೆ ಬೇರೆ ಲಿಪಿಗಳಿಗೆ ಎಂತ ಆಗ್ತದೆ? ಕೋಡ್ ಸರಿಯಾ ಅಂತ ನೋಡುವ ಟೆಸ್ಟ್ ಎಲ್ಲಿ? ಇದರ ಅರ್ಥ ಪ್ಯಾಚ್ ಬೇಡ ಅಂತಲಾ? ಇದನ್ನೇ ತಿದ್ದುವುದಾ, ಹೊಸದು ಕಳಿಸುವುದಾ?

ಉತ್ತರ – ಮಂಜೇಶ್ವರದಿಂದ

ಎಲ್ಲ ಸಾಲೂ ಬದಲಾದದ್ದಕ್ಕೆ ಮಾತ್ರ ಹೇಳ್ತೇನೆ. ನೀವು ವಿಂಡೋಸ್‌ನಲ್ಲಿ ಬರೆದಿರಬೇಕು. ಎಡಿಟರ್ ಸಾಲಿನ ಕೊನೆಗೆ ಸಿಆರ್ ಅನ್ನುವ ಕಾಣದ ಸಂಕೇತ ಸೇರಿಸಿ ಉಳಿಸಿದೆ, ಮೂಲದಲ್ಲಿ ಸಾಲು ಮುಗಿಸುವ ಸಂಕೇತ ಬರೀ ಎಲ್‌ಎಫ್ ಇತ್ತು. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ತಂತ್ರಾಂಶದಲ್ಲಿ ‘ಗಿಟ್ ಡಿಫ್ --ಇಗ್ನೋರ್-ಸಿಆರ್-ಅಟ್-ಇಒಎಲ್’ ಕೊಟ್ಟು ನೋಡಿ, ನಿಜವಾಗಿ ಬದಲಾದ ಸಾಲುಗಳು ಮಾತ್ರ ಉಳಿದರೆ ಕಾರಣ ಅದೇ. ಎಡಿಟರಿನ ಕೆಳಗಿನ ಪಟ್ಟಿಯಲ್ಲಿ ಎಲ್‌ಎಫ್ ಆರಿಸಿ ಉಳಿಸಿ. ಬೇರೆ ಯಾವುದಕ್ಕೂ ಕೈ ಹಾಕುವ ಮೊದಲು ಇದು ಆಗಲಿ, ಇಲ್ಲದಿದ್ದರೆ ಮುಂದೆ ಒಡೆಯುವಾಗ ಯಾವ ಸಾಲು ಎಲ್ಲಿಗೆ ಅಂತ ಗೊತ್ತೇ ಆಗುವುದಿಲ್ಲ.

ಉತ್ತರ – ಪೆರ್ಲದಿಂದ

ಪ್ಯಾಚ್ ಬೇಡ ಅನ್ನುವವರು ಇಷ್ಟು ಬರೆಯುವುದಿಲ್ಲ ಮಾರಾಯ್ರೆ. ಪ್ರತಿ ಸಾಲನ್ನೂ ಓದಿ ಪ್ರಶ್ನೆ ಕೇಳಿದ್ದಾರೆ ಎಂದರೆ ಒಳಗೆ ತೆಗೆದುಕೊಳ್ಳುವ ಮನಸ್ಸು ಉಂಟು. ನಾನೂ ಒಂದು ಯೋಜನೆಯಲ್ಲಿ ಬೇರೆಯವರ ಪ್ಯಾಚ್ ನೋಡುವವನು, ಆ ಕಡೆ ಕುಳಿತರೆ ಇದು ಹೇಗೆ ಕಾಣ್ತದೆ ಅಂತ ಹೇಳ್ತೇನೆ.

ಮೊದಲು ನಿಮ್ಮ ರೋಗನಿರ್ಣಯ ಸರಿ ಅಂತ ಗಟ್ಟಿ ಮಾಡುವ. ‘ಗೋ’ದಲ್ಲಿರುವ ಓತ್ವಕ್ಕೆ ಯೂನಿಕೋಡ್‌ನಲ್ಲಿ ಒಂದೇ ಸಂಕೇತ ಉಂಟು, ದಶಮಾನದಲ್ಲಿ 3275. ಅದನ್ನೇ ಬಿಡಿಸಿ ಎತ್ವ 3270, ಊತ್ವ 3266, ದೀರ್ಘ 3285 ಅಂತ ಮೂರು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಪೈಥಾನ್‌ನಲ್ಲಿ ‘ಗೋ’ ಪದದ ಉದ್ದ ಕೇಳಿದರೆ ಒಂದರಲ್ಲಿ 2, ಇನ್ನೊಂದರಲ್ಲಿ 4. ಹಾಗೆಯೇ ‘ಪೈ’ಯ ಐತ್ವ 3272, ಬಿಡಿಸಿದರೆ 3270 ಮತ್ತು 3286. ಈತ್ವ, ಏತ್ವ, ಒತ್ವಗಳಿಗೂ ಇದೇ ರೀತಿ ಉಂಟು. ‘ಕುಂಬಳೆ’ಯ ಎತ್ವ, ‘ಮಧೂರಿ’ನ ಊತ್ವ ಬಿಡಿಸಲು ಬರುವಂಥವಲ್ಲ. ಆದ್ದರಿಂದಲೇ ಅವು ಸಿಕ್ಕಿದವು, ಮಂಜೇಶ್ವರ ಸಿಗಲಿಲ್ಲ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು, ನಿಮ್ಮ ದಾಖಲೆಗಳ ಮೂಲ ಅದೇ. ಈ ಊರಿನ ಹೆಸರುಗಳ ಪಟ್ಟಿ ನಿಮ್ಮ ಪ್ಯಾಚ್‌ನ ಅತ್ಯುತ್ತಮ ಸಾಕ್ಷಿ. ಅದು ಕಮಿಟ್ (ಗಿಟ್ ದಾಖಲಿಸಿದ ಒಂದು ಬದಲಾವಣೆ) ಸಂದೇಶದಲ್ಲಿ ಇರಲೇಬೇಕು, ಇಲ್ಲಿ ನಮಗೆ ಹೇಳಿದರೆ ಮಾತ್ರ ಸಾಲದು.

ಇನ್ನು ಒಡೆಯುವ ವಿಷಯ. ಪರಿಶೀಲಕರು ಒಂದು ಪ್ಯಾಚ್ ಓದುವಾಗ ತಮ್ಮಲ್ಲೇ ಕೇಳಿಕೊಳ್ಳುವುದು ಒಂದೇ: ಇದು ಹೇಳಿಕೊಳ್ಳುವ ಮಾತು ನಿಜವಾ? ನಿಮ್ಮದರಲ್ಲಿ ನಾಲ್ಕು ಮಾತು ಉಂಟು, ನಾಲ್ಕಕ್ಕೂ ಪುರಾವೆ ಬೇರೆ ಬೇರೆ. ನಾರ್ಮಲೈಸೇಶನ್ ಯೂನಿಕೋಡ್‌ನದೇ ನಿಯಮ, ವಾದಕ್ಕೆ ಜಾಗ ಇಲ್ಲ. ಜಾಯಿನರ್ ತೆಗೆಯುವುದು ನಿಮ್ಮ ತೀರ್ಮಾನ, ಅದಕ್ಕೆ ಸಮರ್ಥನೆ ಬೇಕು. ಕಿಞ್ಞಣ್ಣ–ಕಿಂಞಣ್ಣ ಕಾಗುಣಿತದ ರೂಢಿ, ಅದು ಇಂದು ಒಂದು ಹೆಸರು, ನಾಳೆ ನೂರು ಹೆಸರು. ಸಹಾಯ ಪುಟ ಅನುವಾದ. ಒಟ್ಟಿಗೆ ಕಟ್ಟಿದರೆ ಅತಿ ಗಟ್ಟಿಯಾದ ಮಾತು ಅತಿ ಸಡಿಲವಾದದ್ದಕ್ಕಾಗಿ ಕಾಯಬೇಕಾಗ್ತದೆ. ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರು ಸಿಗಬೇಕು ಅನ್ನುವ ಕಾಳಜಿ ನನಗೂ ಉಂಟು, ಆದರೆ ಅದನ್ನು ಈ ಸರಣಿಯಿಂದ ಹೊರಗಿಡಿ. ಬೇರೆ ದೂರು ತೆರೆದು ಉದಾಹರಣೆ ಕೂಡಿಸಿ.

ಸೂಚಿಯ ಪ್ರಶ್ನೆ ತುಂಬ ಸರಿಯಾದದ್ದು. ಹುಡುಕುವ ಪದವನ್ನು ಕೂಡಿಸಿದ ರೂಪಕ್ಕೆ ತಂದು, ಸೂಚಿಯಲ್ಲಿ ಬಿಡಿಸಿದ ರೂಪವೇ ಉಳಿದರೆ ಎರಡೂ ಎಂದೂ ಸೇರುವುದಿಲ್ಲ. ಒಂದೇ ಫಂಕ್ಷನ್ ಬರೆಯಿರಿ, ಒಳಗೆ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್, ರೂಪ ಎನ್‌ಎಫ್‌ಸಿ, ಅಂದರೆ ಕೂಡಿಸಿದ ರೂಪ. ಸೂಚಿ ಕಟ್ಟುವಾಗಲೂ ಹುಡುಕುವಾಗಲೂ ಅದನ್ನೇ ಕರೆಯಿರಿ. ಮೂಲ ದಾಖಲೆಯನ್ನು ಮುಟ್ಟಬೇಡಿ, ಹುಡುಕುವ ಕೀಲಿ (ಹೋಲಿಸಲು ಸೂಚಿಯಲ್ಲಿಡುವ ರೂಪ) ಮಾತ್ರ ಬದಲಾಗಲಿ.

ಕೆಲಸದ ಕ್ರಮ: ಈಗಿನ ಶಾಖೆಗೆ (ಗಿಟ್‌ನ ಬ್ರಾಂಚ್) ‘ಹಳೆಯದು’ ಅಂತ ಇನ್ನೊಂದು ಶಾಖೆಯ ಹೆಸರು ಕೊಟ್ಟು ಕಾಪಿಡಿ. ನಿಮ್ಮದು ಒಂದೇ ಕಮಿಟ್ ಆದ್ದರಿಂದ ‘ಗಿಟ್ ರೀಸೆಟ್ ಹೆಡ್~1’ ಸಾಕು. ಬದಲಾವಣೆ ಫೈಲಿನಲ್ಲೇ ಉಳೀತದೆ, ಕಮಿಟ್ ಮಾತ್ರ ಬಿಚ್ಚಿಕೊಳ್ತದೆ. ಆಮೇಲೆ ‘ಗಿಟ್ ಆ್ಯಡ್ -ಪಿ’. ಅದು ತುಂಡು ತುಂಡಾಗಿ ತೋರಿಸಿ ಬೇಕಾ ಬೇಡವಾ ಕೇಳ್ತದೆ. ಒಂದೇ ತುಂಡಿನಲ್ಲಿ ಎರಡು ವಿಷಯ ಸೇರಿದ್ದರೆ ‘ಎಸ್’ ಒತ್ತಿ ಸೀಳಿ, ಅದೂ ಆಗದಿದ್ದರೆ ‘ಇ’ ಒತ್ತಿ ಕೈಯಲ್ಲೇ ತಿದ್ದಿ.

ಉತ್ತರ – ಹೊಸದುರ್ಗದಿಂದ

ಜಾಯಿನರ್ ಬಗ್ಗೆ ಪರಿಶೀಲಕರು ಕೇಳಿದ್ದು ನಮ್ಮ ಕಾಸರಗೋಡು ಜಿಲ್ಲೆಗೆ ನೇರವಾಗಿ ತಾಗುವ ಪ್ರಶ್ನೆ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ನಾನು ಮಲಯಾಳ ದಾಖಲೆಗಳ ಕೆಲಸವನ್ನೂ ಮಾಡುವವಳು.

ಕನ್ನಡದಲ್ಲಿ ‘ಬ್ಯಾಂಕ್‌ನಲ್ಲಿ’ ಅಂತ ಬರೆಯುವಾಗ ಕಕಾರದ ಅಡಿಗೆ ನಕಾರ ಒತ್ತಾಗಿ ಇಳಿಯದಂತೆ ನಡುವೆ ಒಂದು ಕಾಣದ ಸಂಕೇತ ಹಾಕುತ್ತೇವೆ, ಸಂಖ್ಯೆ 8204. ಅದು ನಾನ್ ಜಾಯಿನರ್. ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಹುಡುಕುವ ಕೀಲಿಯಲ್ಲಿ ಇದನ್ನು ತೆಗೆದರೆ ಅರ್ಥ ಕೆಡುವುದಿಲ್ಲ. ಎನ್‌ಎಫ್‌ಸಿ ಇದನ್ನು ತಾನಾಗಿ ತೆಗೆಯುವುದೂ ಇಲ್ಲ. ಆದ್ದರಿಂದ ಕನ್ನಡದ ಮಟ್ಟಿಗೆ ನಿಮ್ಮ ವಿಚಾರ ಸರಿ.

ಮಲಯಾಳದಲ್ಲಿ ಹಾಗಲ್ಲ. ಅಲ್ಲಿ ಚಿಲ್ಲಕ್ಷರಗಳು ಉಂಟು, ಸ್ವರವಿಲ್ಲದೆ ನಿಲ್ಲುವ ವ್ಯಂಜನಗಳು. 2008ರ ಯೂನಿಕೋಡ್ 5.1ರಲ್ಲಿ ಅವಕ್ಕೆ ಸ್ವಂತ ಸಂಕೇತ ಬಂತು, ನಕಾರದ ಚಿಲ್ಲಿಗೆ 3451. ಅದಕ್ಕಿಂತ ಮೊದಲು ನಕಾರ, ಚಂದ್ರಕಲೆ (ಸ್ವರ ಅಳಿಸುವ ಚಿಹ್ನೆ), ಜಾಯಿನರ್ 8205 ಅಂತ ಮೂರನ್ನು ಸಾಲಾಗಿ ಬರೆಯುತ್ತಿದ್ದರು. ಹಳೆಯ ಪಟ್ಟಿಗಳಲ್ಲಿ ಇಂದಿಗೂ ಅದೇ ಇದೆ. ನೀವು 8205 ತೆಗೆದುಹಾಕಿದರೆ ಚಿಲ್ಲು ಹೋಗಿ ಬರೀ ಚಂದ್ರಕಲೆಯ ನಕಾರ ಉಳಿಯುತ್ತದೆ. ‘ಅವನು’ ಅನ್ನುವ ಅರ್ಥದ ಪದ ‘ಅವನಿಗೆ’ ಅನ್ನುವ ಪದವಾಗಿ ಬಿಡುತ್ತದೆ. ಇದು ಕಾಗುಣಿತದ ಚಿಕ್ಕ ವ್ಯತ್ಯಾಸ ಅಲ್ಲ, ವಿಭಕ್ತಿಯೇ ಬದಲು. ಹಳೆಯ ಮತ್ತು ಹೊಸ ಚಿಲ್ಲುಗಳನ್ನು ಎನ್‌ಎಫ್‌ಸಿ ಒಂದು ಮಾಡುವುದಿಲ್ಲ ಅನ್ನುವುದನ್ನೂ ನೆನಪಿಡಿ, ಯೂನಿಕೋಡ್ ಅವನ್ನು ಸಮಾನ ಅಂತ ಸಾರಿಲ್ಲ.

ನಮ್ಮ ವಾಚನಾಲಯಗಳಲ್ಲಿ ಎರಡೂ ಭಾಷೆಯವರು ಒಂದೇ ಪೆಟ್ಟಿಗೆಯಲ್ಲಿ ಹುಡುಕುತ್ತಾರೆ. ಕನ್ನಡದ ಹುಡುಕಾಟ ಸರಿಪಡಿಸಲು ಹೋಗಿ ಪಕ್ಕದ ಮೇಜಿನವರ ಹುಡುಕಾಟ ಕೆಡಬಾರದು. ನನ್ನ ಸಲಹೆ: ಹಿಂದಿನ ಅಕ್ಷರ ಕನ್ನಡದ್ದಾಗಿದ್ದರೆ, ಅಂದರೆ ಸಂಕೇತ 3200ರಿಂದ 3327ರ ಒಳಗಿದ್ದರೆ ಮಾತ್ರ, ಜಾಯಿನರ್ ತೆಗೆಯಿರಿ. ಉಳಿದ ಲಿಪಿಗಳನ್ನು ಇದ್ದ ಹಾಗೆ ಬಿಡಿ.

ಬದಿಯಡ್ಕದಿಂದ

ಮೂವರಿಂದಲೂ ತುಂಬ ಉಪಕಾರ ಆಯ್ತು. ಎಲ್‌ಎಫ್ ಮಾಡಿದ ಕೂಡಲೇ ಡಿಫ್ ಸಣ್ಣದಾಯ್ತು. ಈಗ ಎರಡು ಕಮಿಟ್: ಒಂದು ನಾರ್ಮಲೈಸೇಶನ್, ಇನ್ನೊಂದು ಕನ್ನಡದ ಜಾಯಿನರ್. ಸಹಾಯ ಪುಟವನ್ನು ಬೇರೆ ಶಾಖೆಗೆ ಹಾಕಿದೆ.

ಹೊಸ ತೊಂದರೆ ಟೆಸ್ಟ್‌ನದ್ದು. ಬಿಡಿಸಿದ ‘ಗೋವಿಂದ ಪೈ’ಯನ್ನು ನಮ್ಮ ಪಟ್ಟಿಯಿಂದ ಕಾಪಿ ಮಾಡಿ ಟೆಸ್ಟ್ ಫೈಲಿನಲ್ಲಿ ಹಾಕಿದೆ, ಪಾಸ್ ಆಯ್ತು. ಆದರೆ ನನ್ನ ಫಂಕ್ಷನ್ ತೆಗೆದು ಹಳೆಯ ಕೋಡ್ ಮೇಲೆ ಓಡಿಸಿದರೂ ಪಾಸ್ ಆಗ್ತದೆ! ಮತ್ತೆ, ಒಡೆದ ಕಮಿಟ್‌ಗಳನ್ನು ಪುಶ್ ಮಾಡಲು (ಸರ್ವರಿಗೆ ಕಳಿಸಲು) ಹೋದರೆ ಗಿಟ್ ಒಪ್ಪುವುದಿಲ್ಲ.

ಉತ್ತರ – ಪೆರ್ಲದಿಂದ

ಹಳೆಯ ಕೋಡ್ ಮೇಲೆ ಓಡಿಸಿ ನೋಡಿದ್ದು ಬಹಳ ಒಳ್ಳೆಯದಾಯ್ತು. ದೋಷ ಇರುವಾಗ ಬೀಳದ ಟೆಸ್ಟ್ ಪರಿಶೀಲಕರಿಗೆ ಏನನ್ನೂ ಹೇಳುವುದಿಲ್ಲ.

ಕಾಪಿ ಪೇಸ್ಟ್ ಆಗುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಅಕ್ಷರ ಕೂಡಿಕೊಂಡಿದೆ, ಹಾಗಾಗಿ ಟೆಸ್ಟ್‌ನ ಎರಡೂ ಬದಿಯಲ್ಲಿ ಒಂದೇ ರೂಪ ಕುಳಿತಿದೆ. ಕಣ್ಣಿಗೆ ಇದು ಎಂದೂ ಗೊತ್ತಾಗುವುದಿಲ್ಲ. ಇಂಥ ಟೆಸ್ಟ್‌ನಲ್ಲಿ ಅಕ್ಷರವನ್ನು ಅಕ್ಷರವಾಗಿ ಬರೆಯಬೇಡಿ, ಸಂಖ್ಯೆಯಿಂದ ಕಟ್ಟಿ. ಗಕಾರ 3223, ಅದಕ್ಕೆ 3270, 3266, 3285 ಸೇರಿಸಿ. ಪೈಥಾನ್‌ನ ಸಿಎಚ್‌ಆರ್ ಫಂಕ್ಷನ್ ಸಾಕು. ಪಕ್ಕದ ಕಾಮೆಂಟಿನಲ್ಲಿ ‘ಬಿಡಿಸಿದ ಗೋ’ ಅಂತ ಬರೆಯಿರಿ, ಮುಂದೆ ಯಾರೋ ಓದಲು ಸುಲಭ ಅಂತ ಅದನ್ನು ನೇರ ಅಕ್ಷರ ಮಾಡಿ ಟೆಸ್ಟ್ ಕೆಡಿಸುವುದು ಬೇಡ. ಎರಡನೇ ಕಮಿಟ್‌ಗೆ ಎರಡು ಟೆಸ್ಟ್ ಹಾಕಿ: ಕನ್ನಡದಲ್ಲಿ 8204 ಹೋಗ್ತದೆ ಅಂತ ಒಂದು, ಮಲಯಾಳದ ಹಳೆಯ ಚಿಲ್ಲಿನಲ್ಲಿ 8205 ಉಳೀತದೆ ಅಂತ ಒಂದು. ಎರಡನೆಯದು ಪರಿಶೀಲಕರ ಪ್ರಶ್ನೆಗೆ ನೇರ ಉತ್ತರ.

ಪುಶ್ ಒಪ್ಪದಿರುವುದು ಸಹಜ, ನೀವು ಇತಿಹಾಸ ಬದಲಿಸಿದ್ದೀರಿ. ‘--ಫೋರ್ಸ್-ವಿತ್-ಲೀಸ್’ ಕೊಡಿ. ಬರೀ ‘--ಫೋರ್ಸ್’ ಕೊಟ್ಟರೆ ಆ ಶಾಖೆಗೆ ಬೇರೆಯವರು ಏನಾದರೂ ಸೇರಿಸಿದ್ದರೆ ಅದನ್ನೂ ಅಳಿಸಿ ಬಿಡ್ತದೆ. ಲೀಸ್ ಇದ್ದರೆ ನೀವು ಕೊನೆಗೆ ನೋಡಿದ ಸ್ಥಿತಿಯೇ ಅಲ್ಲಿ ಉಂಟಾ ಅಂತ ನೋಡಿ ಮುಂದುವರಿಯುತ್ತದೆ.

ಉತ್ತರ – ಮಂಜೇಶ್ವರದಿಂದ

ಇಷ್ಟೆಲ್ಲ ಬದಲಾದ ಮೇಲೆ ಪ್ಯಾಚ್ ಸೇರಿಸಿಕೊಳ್ಳಿ ಅನ್ನುವ ಹಳೆಯ ವಿನಂತಿಯನ್ನು ಮುಚ್ಚಿ ಹೊಸದು ತೆರೆಯುವುದೇ ಸ್ವಚ್ಛ ಅಲ್ಲವಾ?

ಉತ್ತರ – ಪೆರ್ಲದಿಂದ

ನಾನು ಒಪ್ಪುವುದಿಲ್ಲ. ಹೊಸದು ತೆರೆದರೆ ಅವರು ಕೇಳಿದ ಪ್ರಶ್ನೆಗಳು ಒಂದು ಕಡೆ, ಉತ್ತರಗಳು ಇನ್ನೊಂದು ಕಡೆ. ಜಾಯಿನರ್ ಬಗ್ಗೆ ಈಗ ಆದ ಚರ್ಚೆ ನಾಲ್ಕು ವರ್ಷ ಕಳೆದು ಯಾರಿಗೋ ಬೇಕಾಗ್ತದೆ, ಅದು ಕೋಡ್‌ನ ಜೊತೆಗೇ ಸಿಗಬೇಕು. ಲಿನಕ್ಸ್ ಕರ್ನಲ್‌ನಲ್ಲಿ ಇಮೇಲ್ ಮೂಲಕವೇ ಪ್ಯಾಚ್ ಕಳಿಸುವುದು, ಅಲ್ಲಿ ಶೀರ್ಷಿಕೆಯಲ್ಲಿ ವಿ2, ವಿ3 ಅಂತ ಹಾಕಿ, ಮೂರು ಅಡ್ಡಗೆರೆಯ ಕೆಳಗೆ ‘ಹಿಂದಿನದಕ್ಕಿಂತ ಬದಲಾದದ್ದು’ ಬರೆಯುತ್ತಾರೆ. ಆ ಗೆರೆಯ ಕೆಳಗಿನದು ಶಾಶ್ವತ ಇತಿಹಾಸಕ್ಕೆ ಹೋಗುವುದಿಲ್ಲ, ಪರಿಶೀಲಕರಿಗೆ ಮಾತ್ರ. ನೀವೂ ಪುಶ್ ಮಾಡಿದ ಮೇಲೆ ಅಂಥದ್ದೇ ಒಂದು ಟಿಪ್ಪಣಿ ಹಾಕಿ. ಗಿಟ್ 2.19ರಿಂದ ‘ರೇಂಜ್-ಡಿಫ್’ ಉಂಟು, ‘ಹಳೆಯದು’ ಶಾಖೆ ಮತ್ತು ಹೊಸದನ್ನು ಕೊಟ್ಟರೆ ಎರಡು ಆವೃತ್ತಿಗಳ ನಡುವಿನ ವ್ಯತ್ಯಾಸ ತೋರಿಸ್ತದೆ. ನೀವು ತುಂಬ ಒಡೆದದ್ದರಿಂದ ಈ ಸಲ ಅಷ್ಟು ಚಂದ ಕಾಣಲಿಕ್ಕಿಲ್ಲ, ಮುಂದಿನ ಸುತ್ತಿಗೆ ಖಂಡಿತ ಉಪಯೋಗ.

ಪ್ರತಿ ಪ್ರಶ್ನೆಯ ಕೆಳಗೂ ಉತ್ತರ ಬರೆಯಿರಿ. ‘ಆಯ್ತು’ ಅಂತ ಮಾತ್ರ ಬೇಡ, ಯಾವ ಕಮಿಟ್‌ನಲ್ಲಿ ಏನು ಆಯ್ತು ಅಂತ ಹೇಳಿ. ಕಳಿಸುವ ಮೊದಲು ‘ಗಿಟ್ ರೀಬೇಸ್ -ಎಕ್ಸ್’ ಜೊತೆಗೆ ಟೆಸ್ಟ್ ಆಜ್ಞೆ ಕೊಡಿ, ಪ್ರತಿ ಕಮಿಟ್ ನಂತರವೂ ಟೆಸ್ಟ್ ಓಡ್ತದೆ. ಎರಡನೇ ಕಮಿಟ್ ಇಲ್ಲದೆ ಮೊದಲನೆಯದು ಒಂದೇ ನಿಲ್ಲಬೇಕು.

ಬದಿಯಡ್ಕದಿಂದ

ಮೊದಲ ಕಮಿಟ್ ಸೇರಿಸಿಕೊಂಡರು. ಎರಡನೆಯದಕ್ಕೆ ಒಂದು ಚಿಕ್ಕ ತಿದ್ದುಪಡಿ ಕೇಳಿದ್ದಾರೆ, 3200, 3327 ಅನ್ನುವ ಸಂಖ್ಯೆಗಳಿಗೆ ಹೆಸರು ಕೊಡಬೇಕಂತೆ. ‘ಗಿಟ್ ಕಮಿಟ್ --ಫಿಕ್ಸಪ್’ ಮಾಡಿ ‘--ಆಟೋಸ್ಕ್ವಾಶ್’ನಿಂದ ಅದರೊಳಗೇ ಸೇರಿಸಿ ಮತ್ತೆ ಕಳಿಸಿದೆ. ರೇಂಜ್-ಡಿಫ್ ಈ ಸಲ ಸ್ಪಷ್ಟವಾಗಿ ಬಂತು, ಅದನ್ನೂ ಹಾಕಿದೆ.

ಬೇರೆಯವರಿಗೆ ಒಂದು ಸೂಚನೆ: ಹೊಸ ಆವೃತ್ತಿ ಹಾಕಿದರೆ ಮಾತ್ರ ಸಾಲದು, ಸೂಚಿಯನ್ನು ಪೂರ್ತಿ ಮತ್ತೆ ಕಟ್ಟಬೇಕು. ಹಳೆಯ ಕೀಲಿಗಳು ತಾವಾಗಿ ಬದಲಾಗುವುದಿಲ್ಲ. ಕಟ್ಟಿದ ಮೇಲೆ ಮಂಜೇಶ್ವರ, ನೀಲೇಶ್ವರ ಎಲ್ಲ ಪೂರ್ತಿ ಸಿಗ್ತಾ ಉಂಟು. ಕಿಞ್ಞಣ್ಣ–ಕಿಂಞಣ್ಣಕ್ಕೆ ಬೇರೆ ದೂರು ತೆರೆದಿದ್ದೇನೆ. ಎರಡು ರೀತಿ ಬರೆಯುವ ಹೆಸರುಗಳು ನಿಮ್ಮ ಪಟ್ಟಿಯಲ್ಲಿದ್ದರೆ ಅಲ್ಲಿ ಸೇರಿಸಿ.

ಉತ್ತರ – ಹೊಸದುರ್ಗದಿಂದ

ಹಳೆಯ ಚಿಲ್ಲನ್ನು ಹೊಸ ಚಿಲ್ಲಿಗೆ ಹೊಂದಿಸುವ ಪ್ಯಾಚ್ ನಾನು ಬರೆಯುತ್ತೇನೆ, ನಿಮ್ಮ ಫಂಕ್ಷನ್‌ನ ಮೇಲೆಯೇ ಕೂರುತ್ತದೆ. 5.1ರಲ್ಲಿ ಬಂದ ಆರೂ ಚಿಲ್ಲಿಗೆ, 3450ರಿಂದ 3455ರ ತನಕ, ಟೆಸ್ಟ್ ಬೇಕು. ನಿಮ್ಮ ಮಲಯಾಳ ದಾಖಲೆಗಳಲ್ಲಿ 8205 ಇರುವ ಹೆಸರುಗಳನ್ನು ಹುಡುಕಿ ಕಳಿಸಿ. ಕಾಪಿ ಮಾಡಿ ಬೇಡ, ಸಂಕೇತ ಸಂಖ್ಯೆಗಳಾಗಿ ಕಳಿಸಿ.