ಮಗನಿಗೆ ದೋಣಿಯ ಹುಚ್ಚು ಹಿಡಿದಿದೆ: ನೀರಿನ ಪಕ್ಕ ಬೆಳೆದವರು ನಿಮ್ಮ ಅನುಭವ ಹೇಳಿ

ಕೇಳಿದವರು: ಬೆಂಗಳೂರಿನಿಂದ ಒಬ್ಬ ಅಮ್ಮ

ನನ್ನ ತವರು ಕುಂದಾಪುರದ ಹತ್ತಿರ, ಪಂಚಗಂಗಾವಳಿ ಹೊಳೆ ದಂಡೆಯಲ್ಲಿ. ರಜೆ ಬಂದರೆ ಮಗ ಅಮ್ಮಮ್ಮನ ಮನೆಗೆ ಹೊರಡುತ್ತಾನೆ. ಈಗ ನಾಲ್ಕನೇ ಕ್ಲಾಸು. ಬಾಯಿ ಬಿಟ್ಟರೆ ದೋಣಿ, ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲೆಲ್ಲ ದೋಣಿ. ನನ್ನ ತಮ್ಮನ ಹತ್ತಿರ ಒಂದು ಸಣ್ಣ ಪಾತಿ ದೋಣಿ ಇದೆ, ಅದರಲ್ಲಿ ಕೂರಿಸಿಕೊಂಡು ಹೋಗುತ್ತಾನೆ. ನನ್ನ ಗಂಡನ ಊರು ಚಳ್ಳಕೆರೆ ಕಡೆ. ಅವರಿಗೆ ಈಜು ಬರುವುದಿಲ್ಲ, ಮಗ ನೀರಿಗೆ ಇಳಿದ ಎಂದರೆ ಜೀವ ಕೈಯಲ್ಲಿ ಹಿಡಿದುಕೊಂಡಿರುತ್ತಾರೆ. ಇದು ವಯಸ್ಸಿನ ಹುಚ್ಚೋ, ಉಳಿಯುವ ಪ್ರೀತಿಯೋ? ವರ್ಷದ ಹತ್ತು ತಿಂಗಳು ಬೆಂಗಳೂರಲ್ಲೇ ಇರುವ ಹುಡುಗನಿಗೆ ಇದನ್ನು ಹೇಗೆ ಬೆಳೆಸುವುದು? ನಿಮ್ಮ ಬಾಲ್ಯದಲ್ಲಿ ದೊಡ್ಡವರು ಏನು ಮಾಡಿದರು, ಏನು ಮಾಡಲಿಲ್ಲ, ಸ್ವಲ್ಪ ಬಿಡಿಸಿ ಹೇಳಿ.

ಗಂಗೊಳ್ಳಿ ಕಡೆಯ ಕುದ್ರಿನವರು

ಅಕ್ಕಾ, ನಿಮ್ಮದು ನಮ್ಮದು ಒಂದೇ ಹೊಳೆ. ಸೌಪರ್ಣಿಕಾ, ವಾರಾಹಿ, ಚಕ್ರಾ ಎಲ್ಲ ಸೇರಿ ಐದು ನದಿಗಳು ಒಂದಾಗಿ ಅಳಿವೆ ಕಡೆ ಹೋಗುವ ಜಾಗ. ನಾನು ಸಣ್ಣವನಿದ್ದಾಗ ನಮ್ಮ ಕುದ್ರಿಗೆ, ಅಂದರೆ ಹೊಳೆ ನಡುವಿನ ದ್ವೀಪಕ್ಕೆ, ಸೇತುವೆ ಇರಲಿಲ್ಲ. ಶಾಲೆ, ಸಂತೆ, ಮದುವೆ ದಿಬ್ಬಣ, ಹುಲ್ಲಿನ ಹೊರೆ, ಹೆರಿಗೆಗೆ ಹೊರಟ ಚಿಕ್ಕಮ್ಮ, ಎಲ್ಲ ದೋಣಿಯಲ್ಲೇ. ಆದರೆ ಅಷ್ಟಕ್ಕೇ ದೋಣಿಯ ಮೇಲೆ ಪ್ರೀತಿ ಹುಟ್ಟಿತು ಎನ್ನಲಾರೆ. ನನ್ನ ಜೊತೆ ಅದೇ ದೋಣಿಯಲ್ಲಿ ಶಾಲೆಗೆ ಬಂದ ಎಷ್ಟೋ ಹುಡುಗರು ಈಗ ಹೊಳೆಯ ಕಡೆ ತಿರುಗಿಯೂ ನೋಡುವುದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅಜ್ಜಯ್ಯ ಕೊಟ್ಟ ಕೆಲಸ. ಹಳೆಯ ಮರದ ದೋಣಿ ಅಂದಮೇಲೆ ಸಂದಿನಲ್ಲಿ ನೀರು ಜಿನುಗುವುದು ಇದ್ದದ್ದೇ. ಅಡಿಕೆ ಹಾಳೆಯ ತುಂಡಿನಲ್ಲಿ ಆ ನೀರನ್ನು ಎತ್ತಿ ಹೊರಗೆ ಚೆಲ್ಲುವುದು ನನ್ನ ಪಾಲಿನ ಕೆಲಸ. ಹುಟ್ಟು ಮುಟ್ಟುವುದಕ್ಕೆ ಬಹಳ ಕಾಲ ಬಿಡಲಿಲ್ಲ. ಎದ್ದು ನಿಂತರೆ ಮಾತ್ರ "ಕೂಕೋ ಮಾರಾಯ, ನಿಲ್ಬೇಡ" ಎಂದು ಒಂದೇ ಮಾತು. ನಾನು ನೀರು ಎತ್ತದಿದ್ದರೆ ಎಲ್ಲರ ಕಾಲೂ ಒದ್ದೆ. ಏಳೆಂಟು ವರ್ಷದ ಹುಡುಗನಿಗೆ ತನ್ನಿಂದ ಎಲ್ಲರಿಗೂ ಉಪಯೋಗವಿದೆ ಎಂದು ಗೊತ್ತಾಗುವುದು ದೊಡ್ಡ ಸಂಗತಿ. ಮನೆಯಲ್ಲಿ ಬೇರೆಲ್ಲೂ ನನಗೆ ಆ ಸ್ಥಾನ ಇರಲಿಲ್ಲ.

ಆಮೇಲೆ ನೀರು ಓದುವುದು. ಅಜ್ಜಯ್ಯ ದೋಣಿಯನ್ನು ಉಪ್ಪುನೀರಿನ ದಂಡೆಯಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬದಿಗೆ ತಂದು, "ಭರತವೋ ಇಳಿತವೋ, ಬೇರು ನೋಡಿ ಹೇಳು" ಎನ್ನುತ್ತಿದ್ದರು. ನೀರಿನ ಮೇಲಕ್ಕೆ ಕಾಣುವ ಬೇರು ಕಪ್ಪಗೆ ಒದ್ದೆಯಾಗಿ, ಕೆಸರು ಮೆತ್ತಿಕೊಂಡು ಮಿಂಚುತ್ತಿದ್ದರೆ ಇಳಿತ. ನೀರು ಮುಟ್ಟುವವರೆಗೂ ಬೇರು ಒಣಗಿದ್ದರೆ ಭರತ ಏರುತ್ತಿದೆ. ಲಂಗರು ಹಾಕಿ ನಿಂತ ದೋಣಿ ಯಾವ ದಿಕ್ಕಿಗೆ ಮೂತಿ ಮಾಡಿದೆ ನೋಡಿದರೂ ಗೊತ್ತಾಗುತ್ತದೆ, ಗಾಳಿ ಇಲ್ಲದ ಹೊತ್ತಿನಲ್ಲಿ ಅದು ಸೆಳೆತಕ್ಕೆ ಎದುರಾಗಿ ನಿಲ್ಲುತ್ತದೆ. ಭರತ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತಾ ಹೋಗುವುದು, ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ನೀರು ಜಾಸ್ತಿ ಏರಿ ಜಾಸ್ತಿ ಇಳಿಯುವುದು, ಅಷ್ಟಮಿ ಹೊತ್ತಿಗೆ ಸೆಳೆತ ಕಮ್ಮಿಯಾಗುವುದು, ಇದೆಲ್ಲ ನನಗೆ ಶಾಲೆಯಲ್ಲಿ ಚಂದ್ರನ ಪಾಠ ಬರುವ ಮೊದಲೇ ಗೊತ್ತಿತ್ತು.

ಬೇಸಿಗೆಯಲ್ಲಿ ದೋಣಿಯನ್ನು ತೆಂಗಿನ ಮರದಡಿ ಕವುಚಿ ಹಾಕಿ, ತಳಕ್ಕೆ ಅಂಟಿದ ಚಿಪ್ಪು ಕೆರೆದು, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಆ ಎಣ್ಣೆ ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಹಾಗಾಗಿ ಮಕ್ಕಳಿಗೆ ಕೆರೆಯುವುದಷ್ಟೇ. ದೋಣಿ ನೀರಲ್ಲಿ ಇಲ್ಲದ ದಿನಗಳಲ್ಲೇ ಅದರ ಪರಿಚಯ ಹೆಚ್ಚಾಗುವುದು ಎಂದು ನನ್ನ ಅಭಿಪ್ರಾಯ. ಎಲ್ಲಿ ಮರ ಮೆತ್ತಗಾಗಿದೆ, ಎಲ್ಲಿ ಹಲಗೆ ಬಾಯಿ ಬಿಟ್ಟಿದೆ ಎಂದು ಬೆರಳಿಗೇ ಗೊತ್ತಿರುತ್ತದೆ.

ನಿಮ್ಮ ತಮ್ಮನಿಗೆ ಒಂದು ಮಾತು ಹೇಳಿ: ಹುಡುಗನನ್ನು ಸವಾರಿಗೆ ಕರೆದೊಯ್ಯುವುದು ಸಾಕು, ಇನ್ನು ಕೆಲಸಕ್ಕೆ ಸೇರಿಸಿಕೊಳ್ಳಲಿ.

ತುಮರಿ ಕಡೆಯವರು

ಮೇಲಿನವರ ಮಾತಿಗೆ ನನ್ನದೂ ಒಂದು ಸಾಕ್ಷಿ. ನಮ್ಮದು ಶರಾವತಿ ಹಿನ್ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ನಮ್ಮ ಹಿರಿಯರು ಇದ್ದಲ್ಲೇ ದ್ವೀಪದವರಾದರು. ಬಸ್ಸು, ಜೀಪನ್ನೂ ಹೊತ್ತು ಹಿನ್ನೀರು ದಾಟಿಸುತ್ತಿದ್ದ ಹೊಳೆಬಾಗಿಲಿನ ಲಾಂಚ್ ತಪ್ಪಿದರೆ ಸಾಗರಕ್ಕೆ ಹೋಗುವುದು ತಪ್ಪಿತು. ರಾತ್ರಿ ಯಾರಿಗಾದರೂ ಹುಷಾರಿಲ್ಲ ಎಂದರೆ ಮನೆಮಂದಿಯೆಲ್ಲ ನೀರನ್ನು ಬೈಯುತ್ತಿದ್ದರು, ಬೈಯುವುದಕ್ಕೆ ಕಾರಣವೂ ಇತ್ತು. ಹಾಗಾಗಿ ನೀರಿನ ಪಕ್ಕ ಹುಟ್ಟಿದವರಿಗೆಲ್ಲ ನೀರು ಇಷ್ಟ ಎಂದು ಯಾರಾದರೂ ಹೇಳಿದರೆ ನನಗೆ ಬೇಜಾರಾಗುತ್ತದೆ. ನಮ್ಮಕ್ಕನಿಗೆ ಲಾಂಚ್ ಎಂದರೆ ಈಗಲೂ ಕಾಯುವುದು, ಅವಸರ, ಆತಂಕ ಅಷ್ಟೇ. 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾದಾಗ ಅವಳು ಅತ್ತೇಬಿಟ್ಟಳು.

ನನಗೂ ಸೇತುವೆ ಬೇಕಿತ್ತು, ಬಂದದ್ದು ತುಂಬಾ ಸಂತೋಷ. ಆದರೂ ಲಾಂಚ್ ಮೇಲೆ ನನಗಿರುವ ಪ್ರೀತಿ ಅಕ್ಕನಿಗಿಲ್ಲ. ಒಂದೇ ಮನೆ, ಒಂದೇ ನೀರು, ಹೀಗೇಕೆ ಎಂದು ಯೋಚಿಸಿದರೆ ಉತ್ತರ ಅದೇ. ಲಾಂಚಿನ ಸಿಬ್ಬಂದಿಯಲ್ಲಿ ಒಬ್ಬ ಮಾವ ನನ್ನನ್ನು ಮುಂದೆ ನಿಲ್ಲಿಸಿಕೊಂಡು, ದಡ ಹತ್ತಿರ ಬಂದಾಗ ಹಗ್ಗದ ಸುರುಳಿ ಕೈಗೆ ಕೊಡುತ್ತಿದ್ದರು. ಬಸ್ಸು, ಜೀಪು ಹತ್ತುವಾಗ ಭಾರ ಎರಡೂ ಕಡೆ ಸಮ ಇರಬೇಕು ಎಂದು ತೋರಿಸಿದ್ದೂ ಅವರೇ. ಅಕ್ಕ ಹುಡುಗಿ ಎಂದು ಅವಳನ್ನು ಯಾರೂ ಮುಂದೆ ಕರೆಯಲಿಲ್ಲ, ಹೆಂಗಸರ ಜೊತೆ ಬಸ್ಸಿನೊಳಗೇ ಕೂತಳು. ಇದು ನನಗೆ ಇವತ್ತಿಗೂ ಚುಚ್ಚುತ್ತದೆ. ಹೆಣ್ಣುಮಕ್ಕಳಿದ್ದವರು ಇದನ್ನು ದಯವಿಟ್ಟು ಗಮನಿಸಿ.

ಆನೆಗೊಂದಿಯವರು

ನಮ್ಮಲ್ಲಿ ಹರಿಗೋಲು, ಜನರ ಬಾಯಲ್ಲಿ ಪುಟ್ಟಿ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಇಲ್ಲಿ ತುಂಗಭದ್ರೆ ದಾಟಿಸುವ ಬುಟ್ಟಿಯಂಥ ದುಂಡನೆ ದೋಣಿಗಳ ಬಗ್ಗೆ ಬರೆದಿದ್ದಾನೆ. ಬೆತ್ತದ ಹೆಣಿಗೆ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಕೂರುತ್ತಾರೆ ಎಂದು. ಈಗ ಬಿದಿರ ಹೆಣಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆ, ಟಾರು. ರೂಪ ಮಾತ್ರ ಅದೇ.

ಮಕ್ಕಳಿಗೆ ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಗುರು ಇಲ್ಲ. ಪುಟ್ಟಿಗೆ ಹಿಂದು ಮುಂದು ಎಂಬುದಿಲ್ಲ. ಒಂದು ಪಕ್ಕದಲ್ಲಿ ಹುಟ್ಟು ಹಾಕಿದರೆ ನಿಂತಲ್ಲೇ ಗಿರಗಿರ ತಿರುಗುತ್ತದೆ. ಹೋಗಬೇಕಾದ ಕಡೆಗೆ ಮುಖ ಮಾಡಿ, ಮುಂದೆ ನೀರನ್ನು ತನ್ನತ್ತ ಎಳೆದುಕೊಳ್ಳಬೇಕು. ತಾಕತ್ತು ಹಾಕಿದಷ್ಟೂ ಕೆಡುತ್ತದೆ, ಹದ ಸಿಕ್ಕರೆ ಹತ್ತು ವರ್ಷದ ಹುಡುಗಿಯೂ ನಡೆಸುತ್ತಾಳೆ. ನಿಂತ ನೀರಲ್ಲಿ, ಅಂಬಿಗರು ಪಕ್ಕದಲ್ಲಿದ್ದಾಗ ಮಾತ್ರ. ಡ್ಯಾಂನಿಂದ ನೀರು ಬಿಟ್ಟ ದಿನ ಹೊಳೆ ಹತ್ತಿರವೂ ಹೋಗಬಾರದು.

ಚಿತ್ರದುರ್ಗ ಜಿಲ್ಲೆಯವರು

ಮೇಡಂ, ನಿಮ್ಮ ಯಜಮಾನರ ಕಡೆಯವನು ನಾನು. ಕೆರೆ ತುಂಬಿದ್ದನ್ನು ನೋಡಲು ಊರಿಗೆ ಊರೇ ಹೋಗುವ ಸೀಮೆ ನಮ್ಮದು. ದೋಣಿ ಹತ್ತಿದ್ದು ಮಂಗಳೂರಿನಲ್ಲಿ ಕಾಲೇಜಿಗೆ ಸೇರಿ, ಎನ್‌ಸಿಸಿಯ ನೌಕಾ ವಿಭಾಗಕ್ಕೆ ಹೆಸರು ಕೊಟ್ಟ ಮೇಲೆ. ಹಲವರು ಕೂತು ಹುಟ್ಟು ಹಾಕುವ ವೇಲರ್ ದೋಣಿಯಲ್ಲಿ ಎಲ್ಲರ ಹುಟ್ಟೂ ಒಟ್ಟಿಗೆ ನೀರಿಗೆ ಬೀಳಬೇಕು, ಒಟ್ಟಿಗೆ ಏಳಬೇಕು. ಅಂಗೈ ಬೊಬ್ಬೆ ಎದ್ದು ಒಡೆದು ಗಟ್ಟಿಯಾಗುವ ಹೊತ್ತಿಗೆ ನಾನು ಪೂರ್ತಿ ದೋಣಿಯವನಾಗಿದ್ದೆ. ಈಗಲೂ ರಜೆ ಸಿಕ್ಕರೆ ಹೊಳೆಗೇ ಹೋಗುವುದು.

ಬಾಲ್ಯದಲ್ಲಿ ನೀರು ಸಿಗದವರು ಚಿಂತೆ ಮಾಡಬೇಕಿಲ್ಲ ಎನ್ನುವುದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ಐಎನ್‌ಎಸ್‌ವಿ ತಾರಿಣಿ ಎಂಬ ಹಾಯಿದೋಣಿಯಲ್ಲಿ 2017ರ ಸೆಪ್ಟೆಂಬರ್‌ನಲ್ಲಿ ಗೋವಾದಿಂದ ಹೊರಟು, ಭೂಮಿ ಸುತ್ತಿ, 254 ದಿನಗಳ ಮೇಲೆ 2018ರ ಮೇ ತಿಂಗಳಲ್ಲಿ ಮರಳಿದರು. ನಾಯಕಿ ವರ್ತಿಕಾ ಜೋಶಿ ಉತ್ತರಾಖಂಡದವರು. ಪ್ರತಿಭಾ ಜಾಮ್ವಾಲ್ ಕುಲು ಕಣಿವೆಯವರು, ವಿಜಯಾ ದೇವಿ ಮಣಿಪುರದವರು, ಪಾಯಲ್ ಗುಪ್ತಾ ಡೆಹ್ರಾಡೂನ್, ಐಶ್ವರ್ಯಾ ಬೊಡ್ಡಪಾಟಿ ಹೈದರಾಬಾದ್. ಕಡಲ ಊರು ಎಂದರೆ ಪಿ. ಸ್ವಾತಿಯವರ ವಿಶಾಖಪಟ್ಟಣ ಒಂದೇ. ಆರರಲ್ಲಿ ಐವರು ಕಡಲಿಲ್ಲದ ಊರಿನವರು.

ನಿಮ್ಮ ಹುಡುಗ ಎಂಟನೇ ಕ್ಲಾಸಿಗೆ ಬಂದಾಗ ನೌಕಾ ಎನ್‌ಸಿಸಿ ಇರುವ ಶಾಲೆ ಸಿಗುತ್ತದಾ ವಿಚಾರಿಸಿ. ಅದಕ್ಕೆ ಮೊದಲೇ ಬೇಕೆಂದರೆ ಆಪ್ಟಿಮಿಸ್ಟ್ ಎಂಬ ಸಣ್ಣ ಹಾಯಿದೋಣಿ ಇದೆ. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬ ದೋಣಿ ತಯಾರಕ ಮಕ್ಕಳಿಗೆಂದೇ ರೂಪಿಸಿದ್ದು. ಉದ್ದ ಎರಡು ಮೀಟರಿಗಿಂತ ಸ್ವಲ್ಪ ಜಾಸ್ತಿ, ಒಂದೇ ಹಾಯಿ, ಒಬ್ಬನೇ ನಡೆಸುವುದು. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ತೃಷ್ಣಾ ಸೇಲಿಂಗ್ ಕ್ಲಬ್ ಇದೆ. 1985ರಿಂದ 87ರವರೆಗೆ ಸೇನೆಯ ಎಂಜಿನಿಯರುಗಳು ಭೂಮಿ ಸುತ್ತಿದ ಹಾಯಿದೋಣಿಯ ಹೆಸರೂ ತೃಷ್ಣಾ. ಮಕ್ಕಳಿಗೆ ತರಬೇತಿ ಯಾವಾಗ, ಹೇಗೆ ಎಂದು ಅಲ್ಲೇ ಕೇಳಿ ತಿಳಿದುಕೊಳ್ಳಿ. ನಿಮ್ಮ ಯಜಮಾನರನ್ನೂ ಕರೆದುಕೊಂಡು ಹೋಗಿ, ದೊಡ್ಡವರಾದ ಮೇಲೂ ಈಜು ಬರುತ್ತದೆ. ನಾನು ಕಲಿತದ್ದೂ ಮೀಸೆ ಬಂದ ಮೇಲೆಯೇ.

ಕಾರವಾರದವರು

ಎಲ್ಲರೂ ಪ್ರೀತಿಯ ಬಗ್ಗೆ ಬರೆದಿದ್ದೀರಿ, ಚಂದ ಇದೆ. ನಾನು ಭಯದ ಬಗ್ಗೆ ಬರೆಯುತ್ತೇನೆ. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ನಮ್ಮೂರಿನ ಯಾರೂ ಅದನ್ನು ಮರೆತಿಲ್ಲ. ಅದಕ್ಕೇ ಹೇಳುವುದು, ಮಾವನ ದೋಣಿ, ಮನೆ ಎದುರಿನ ಹೊಳೆ, ಐದೇ ನಿಮಿಷ ಎಂಬ ಯಾವ ಮಾತೂ ಬೇಡ. ಹುಡುಗನಿಗೆ ಅವನ ಅಳತೆಯದೇ ಲೈಫ್ ಜಾಕೆಟ್ ಕೊಡಿಸಿ. ದೊಡ್ಡವರದ್ದನ್ನು ಬಿಗಿದು ಕಟ್ಟಿದರೆ ಆಗುವುದಿಲ್ಲ. ಹಾಕಿಸಿ, ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಜಾಕೆಟ್ ಮಾತ್ರ ಗಲ್ಲ ದಾಟಿ ಕಿವಿವರೆಗೆ ಬಂತೋ, ಅದು ಅವನಿಗೆ ದೊಡ್ಡದು. ಕಾಲ ಸಂದಿಯ ಪಟ್ಟಿ ಇರುವಂಥದ್ದೇ ತೆಗೆದುಕೊಳ್ಳಿ.

ದೋಣಿ ಮಗುಚಿದರೆ ದಡಕ್ಕೆ ಈಜಲು ಹೊರಡಬಾರದು, ದೋಣಿಯನ್ನೇ ಹಿಡಿದುಕೊಂಡಿರಬೇಕು. ಮರದ ದೋಣಿ ನೀರು ತುಂಬಿದರೂ ಸಾಮಾನ್ಯವಾಗಿ ತೇಲುತ್ತದೆ, ಹುಡುಕುವವರಿಗೆ ಕಾಣುವುದೂ ಅದೇ. ಇದನ್ನು ಬಾಯಲ್ಲಿ ಹೇಳಿ ಬಿಡಬೇಡಿ. ಸೊಂಟದ ನೀರಿನಲ್ಲಿ ಬೇಕೆಂದೇ ಮಗುಚಿ ಅಭ್ಯಾಸ ಮಾಡಿಸಿ. ಮಕ್ಕಳಿಗೆ ಅದು ಆಟ, ನಾಲ್ಕು ಸಲ ಮಾಡಿದರೆ ಮೈಗೆ ಹತ್ತುತ್ತದೆ.

ನೆದರ್ಲೆಂಡ್ಸ್‌ನಲ್ಲಿರುವ ಶಿರಸಿಯವರು

ಇಲ್ಲಿ ಎಲ್ಲಿ ನೋಡಿದರೂ ಕಾಲುವೆ. ಅದಕ್ಕೆ ಮಕ್ಕಳಿಗೆ ಐದಾರು ವರ್ಷಕ್ಕೇ ಈಜಿನ ಪಾಠ, ಎ, ಬಿ, ಸಿ ಎಂದು ಡಿಪ್ಲೊಮಾಗಳು. ನನ್ನ ಮಗಳ ಎ ಡಿಪ್ಲೊಮಾ ಪರೀಕ್ಷೆ ನೋಡಿ ಬೆರಗಾಗಿದ್ದೆ. ಬಟ್ಟೆ, ಶೂ ಹಾಕಿಕೊಂಡೇ ನೀರಿಗೆ ಹಾರಬೇಕು. ಇನ್ನೊಂದು ಸಲ ನೀರಿನೊಳಗೆ ಇಳಿಬಿಟ್ಟ ಪರದೆಯ ತೂತಿನ ಮೂಲಕ ಮುಳುಗಿಕೊಂಡೇ ತೂರಿ ಹೋಗಬೇಕು. ಯಾಕೆಂದರೆ ಯಾರೂ ಈಜುಡುಗೆ ಹಾಕಿಕೊಂಡು ಆಕಸ್ಮಿಕವಾಗಿ ಬೀಳುವುದಿಲ್ಲವಲ್ಲ. ನಿಮ್ಮ ಮಗ ಬೆಂಗಳೂರಿನ ಈಜುಕೊಳದಲ್ಲಿ ಕಲಿಯುತ್ತಿದ್ದರೆ, ಕೋಚ್ ಹತ್ತಿರ ಕೇಳಿ ಒಂದು ದಿನ ಪ್ಯಾಂಟು ಶರ್ಟಿನಲ್ಲಿ ಈಜಿಸಿ ನೋಡಿ. ನೀರು ಹೀರಿದ ಜೀನ್ಸ್ ಎಷ್ಟು ಭಾರ ಎಂದು ಅವನಿಗೇ ಗೊತ್ತಾಗುತ್ತದೆ.

ಕೇಳಿದವರು

ಎಲ್ಲರಿಗೂ ನಮಸ್ಕಾರ. ಯಜಮಾನರು ಎಲ್ಲ ಓದಿದರು, ಕಾರವಾರದವರ ಉತ್ತರ ಎರಡು ಸಲ. ಈಜುಕೊಳಕ್ಕೆ ಅಪ್ಪ ಮಗ ಇಬ್ಬರ ಹೆಸರೂ ಕೊಟ್ಟಾಯಿತು. ಇನ್ನೊಂದೇ ಪ್ರಶ್ನೆ: ಮುಂದಿನ ಸಲ ಊರಿಗೆ ಹೋದಾಗ ಪಾತಿಯಲ್ಲೇ ಶುರು ಮಾಡಲೋ, ಬಾಡಿಗೆಗೆ ಸಿಗುವ ಕಯಾಕ್‌ನಲ್ಲೋ? ಯಾವ ತಿಂಗಳು ಒಳ್ಳೆಯದು?

ಗಂಗೊಳ್ಳಿ ಕಡೆಯ ಕುದ್ರಿನವರು

ಪಾತಿಯಲ್ಲೇ ಶುರು ಮಾಡಿ ಅಕ್ಕಾ, ತಮ್ಮ ಜೊತೆಗಿರುತ್ತಾನಲ್ಲ. ಕಯಾಕ್ ಹಗುರ, ಬೇಗ ಬರುತ್ತದೆ, ಆದರೆ ಅದರಲ್ಲಿ ಹುಡುಗ ಒಬ್ಬನೇ. ಕೈಹಿಡಿದು ತಿದ್ದಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಪಾತಿಯಲ್ಲಿ ಹಿಂದೆ ಕೂತವರ ಹುಟ್ಟಿನ ಲಯ ಮುಂದೆ ಕೂತವನ ಮೈಗೆ ತಾನಾಗಿ ಬರುತ್ತದೆ. ಮೊದಲು ಒಂದು ಸಣ್ಣ ಹುಟ್ಟು ಮಾಡಿಸಿ. ನಿಂತಾಗ ಅವನ ಗಲ್ಲದವರೆಗೆ ಬಂದರೆ ಸಾಕು, ದೊಡ್ಡವರ ಹುಟ್ಟು ಹಿಡಿಸಿದರೆ ಭುಜ ನೋಯಿಸಿಕೊಂಡು ಬೇಸರ ಮಾಡಿಕೊಳ್ಳುತ್ತಾನೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. ಜೂನ್, ಜುಲೈಯಲ್ಲಿ ಯಾಂತ್ರಿಕ ಬೋಟುಗಳಿಗೇ ಕಡಲಿಗಿಳಿಯಲು ನಿಷೇಧ, ಹೊಳೆಯಲ್ಲೂ ಕೆಂಪು ನೀರು, ತೇಲಿ ಬರುವ ಮರದ ದಿಮ್ಮಿಗಳು. ಕ್ರಿಸ್‌ಮಸ್ ರಜೆ ಒಳ್ಳೆಯ ಸಮಯ. ಬೆಳಿಗ್ಗೆ ಬೇಗ ಹೊರಡಿ, ಬಿಸಿಲೇರಿ ನೆಲ ಕಾದ ಮೇಲೆ ಕಡಲ ಗಾಳಿ ಎದ್ದು ಹೊಳೆಯಲ್ಲೂ ತೆರೆ ಏಳುತ್ತದೆ. ಅಳಿವೆ ಕಡೆಗೆ ಹೋಗಬೇಡಿ, ಅಲ್ಲಿ ಇಳಿತದ ಸೆಳೆತ ದೊಡ್ಡವರನ್ನೂ ಎಳೆದೊಯ್ಯುತ್ತದೆ. ಭರತ ಏರುವ ಹೊತ್ತಿಗೆ ಹೊಳೆಯ ಮೇಲಕ್ಕೆ, ಕಾಂಡ್ಲಾ ಕಾಡಿನ ಬದಿಗೆ ಹೋಗಿ, ನೀರು ನಿಲ್ಲುವ ಹೊತ್ತಿಗೆ ತಿರುಗಿ, ಇಳಿತದ ಜೊತೆ ಮನೆಗೆ ಬನ್ನಿ. ಹಾಗೆ ಮಾಡಿದರೆ ಎರಡೂ ಕಡೆ ಹೊಳೆಯೇ ಕರೆದೊಯ್ಯುತ್ತದೆ. ಎಷ್ಟು ಗಂಟೆಗೆ ಹೊರಡಬೇಕು ಎಂಬುದನ್ನು ಹಿಂದಿನ ದಿನವೇ ಮಗನ ಕೈಲಿ ಲೆಕ್ಕ ಹಾಕಿಸಿ. ತಮ್ಮನಿಗೆ ಉತ್ತರ ಗೊತ್ತಿದ್ದರೂ ಹೇಳದೆ ಸುಮ್ಮನಿರಲಿ.